ಗೋಲ್ಡನ್ ಬ್ಯಾರೆಲ್‌ಗೆ ಹೊಸ ಹೆಸರು ಬಂದಾಗ: ಒಂದು ಕಳ್ಳಿ ತೋಟದ ಪ್ರಕರಣ

ಈ ಪ್ರಕರಣ ನಡೆದದ್ದು ದಕ್ಷಿಣ ಕರ್ನಾಟಕದ ಒಂದು ಶಿಕ್ಷಣ ಸಂಸ್ಥೆಯ ಕಳ್ಳಿ ತೋಟದಲ್ಲಿ. ಸಂಸ್ಥೆಯ ಹೆಸರಾಗಲಿ, ಅಲ್ಲಿನವರ ಹೆಸರಾಗಲಿ ಇಲ್ಲಿ ಬರುವುದಿಲ್ಲ. ಗುರುತು ಸಿಗದಂತೆ ಒಂದೆರಡು ವಿವರಗಳನ್ನೂ ಬದಲಿಸಿದ್ದೇನೆ. ಗಿಡಗಳ ಹೆಸರು, ಇಸವಿ, ಆ ಹೆಸರುಗಳ ಹಿಂದಿನ ಕಥೆ ಮಾತ್ರ ಇದ್ದದ್ದು ಇದ್ದ ಹಾಗೇ ಇದೆ. ದೊಡ್ಡ ಸಸ್ಯ ಸಂಗ್ರಹ ನೋಡಿಕೊಳ್ಳುವವರಿಗೂ, ತಾರಸಿಯ ಮೇಲೆ ನಾಲ್ಕು ಕುಂಡ ಇಟ್ಟುಕೊಂಡವರಿಗೂ ಇದು ಉಪಯೋಗಕ್ಕೆ ಬರುತ್ತದೆ ಅಂತ ಬರೆಯುತ್ತಿದ್ದೇನೆ.

ಹಿನ್ನೆಲೆ

ತೋಟ ದೊಡ್ಡದೇನಲ್ಲ. ಒಂದು ಗಾಜಿನ ಮನೆ, ಅದರ ಹೊರಗೆ ಕಲ್ಲು ಜೋಡಿಸಿ ಮಾಡಿದ ಏರು. ಆ ಏರಿನ ಮೇಲೆ ಗೋಲ್ಡನ್ ಬ್ಯಾರೆಲ್ ಕಳ್ಳಿಗಳ ಸಾಲು. ಬೆಂಗಳೂರಿನ ನರ್ಸರಿಗಳಲ್ಲಿ ಇದನ್ನು ನೋಡದವರು ಕಡಿಮೆ. ದುಂಡು ಮೈ, ನೇರ ಏಣುಗಳು, ಏಣಿನ ಉದ್ದಕ್ಕೂ ಚಿನ್ನದ ಬಣ್ಣದ ಮುಳ್ಳು. ನೆತ್ತಿಯಲ್ಲಿ ಒತ್ತಾಗಿ ಬೆಳೆದ ತಿಳಿ ಹಳದಿ ಉಣ್ಣೆ. ಹೂ ಬಿಟ್ಟರೆ ಆ ಉಣ್ಣೆಯೊಳಗಿಂದಲೇ ಹಳದಿ ಹೂಗಳು ಸುತ್ತಲೂ ಏಳುತ್ತವೆ.

ಮೂವರು ಈ ಪ್ರಕರಣದಲ್ಲಿ ಮುಖ್ಯ. ಹಲವು ವರ್ಷಗಳಿಂದ ತೋಟ ನೋಡಿಕೊಂಡಿದ್ದ ಮೇಲ್ವಿಚಾರಕರು ಒಬ್ಬರು. ಹೊಸದಾಗಿ ಸೇರಿದ ಯುವ ಸಸ್ಯಶಾಸ್ತ್ರಜ್ಞೆ ಇನ್ನೊಬ್ಬರು. ಮೂರನೆಯವರು ಗಿಡಗಳಿಗೆ ದಿನಾ ನೀರು, ಮಣ್ಣು ನೋಡುವ ಹಿರಿಯ ಮಾಲಿ. ನಾನು ಸಸ್ಯ ಸಂಗ್ರಹಗಳ ದಾಖಲೆ ಸರಿಪಡಿಸುವ ಕೆಲಸ ಮಾಡುವವನು. ಗೊಂದಲ ಆದ ಮೇಲೆ ನನ್ನನ್ನು ಕರೆದರು.

ನಡೆದದ್ದು ಅರ್ಥವಾಗಬೇಕಾದರೆ ಈ ಗಿಡದ ಹೆಸರಿನ ಕಥೆ ಸ್ವಲ್ಪ ಗೊತ್ತಿರಬೇಕು.

ಗೋಲ್ಡನ್ ಬ್ಯಾರೆಲ್‌ನ ಊರು ಮಧ್ಯ ಮೆಕ್ಸಿಕೋ. ಕೆರೆಟಾರೊ ಮತ್ತು ಇಡಾಲ್ಗೊ ರಾಜ್ಯಗಳ ಗಡಿಯಲ್ಲಿ ಮೊಕ್ಟೆಸುಮಾ ನದಿಯ ಒಣ ಕಣಿವೆಗಳಿವೆ. ಅಲ್ಲಿನ ಕಡಿದಾದ ಇಳಿಜಾರುಗಳಲ್ಲಿ ಇದು ಬೆಳೆಯುತ್ತದೆ. 1891ರಲ್ಲಿ ಜರ್ಮನಿಯ ಕಳ್ಳಿ ಬೆಳೆಗಾರ ಹೈನ್ರಿಕ್ ಹಿಲ್ಡ್‌ಮನ್ ಇದಕ್ಕೆ 'ಎಕಿನೋಕ್ಯಾಕ್ಟಸ್ ಗ್ರುಸೋನಿ' ಅಂತ ಹೆಸರಿಟ್ಟರು. ಗ್ರುಸೋನಿ ಅಂದರೆ ಗ್ರುಸೋನ್ ಅವರ ಗೌರವಾರ್ಥ. ಹರ್ಮನ್ ಗ್ರುಸೋನ್ ಮಾಗ್ಡೆಬರ್ಗ್ ಊರಿನ ಉದ್ಯಮಿ. ಎರಕದ ಕಬ್ಬಿಣದ ರಕ್ಷಣಾ ಕವಚ ತಯಾರಿಸಿ ದೊಡ್ಡವರಾದವರು. ಅವರಿಗೆ ಗಿಡಗಳ ಹುಚ್ಚು, ಅದರಲ್ಲೂ ಕಳ್ಳಿಗಳದ್ದು. 1895ರಲ್ಲಿ ಅವರು ತೀರಿಕೊಂಡ ಮೇಲೆ ಸಂಗ್ರಹ ಊರಿಗೇ ಸೇರಿತು. ಆ ಗಾಜಿನ ಮನೆಗಳು ಈಗಲೂ ಮಾಗ್ಡೆಬರ್ಗ್‌ನಲ್ಲಿ ಅವರ ಹೆಸರಲ್ಲೇ ಇವೆ.

ಹೆಸರಿನ ಮೊದಲ ಭಾಗದ ಕಥೆ ಇನ್ನೂ ಹಳೆಯದು. ಎಕಿನೋಕ್ಯಾಕ್ಟಸ್ ಅನ್ನುವ ಕುಲವನ್ನು, ಅಂದರೆ ಹತ್ತಿರದ ಜಾತಿಗಳ ಗುಂಪನ್ನು, 1827ರಲ್ಲಿ ಬರ್ಲಿನ್‌ನ ಲಿಂಕ್ ಮತ್ತು ಓಟ್ಟೊ ಸ್ಥಾಪಿಸಿದರು. ಆಮೇಲೆ ಸುಮಾರು ನೂರು ವರ್ಷ, ದುಂಡಗಿರುವ ಕಳ್ಳಿ ಯಾವುದು ಯುರೋಪಿಗೆ ಬಂದರೂ ಹೆಚ್ಚಾಗಿ ಈ ಕುಲಕ್ಕೇ ಸೇರಿಸಿದರು. ಈಗ ಲೋಫೋಫೊರಾ ಕುಲದಲ್ಲಿರುವ ಪೆಯೋಟಿ ಕಳ್ಳಿ ಕೂಡ 1845ರಲ್ಲಿ ಎಕಿನೋಕ್ಯಾಕ್ಟಸ್ ಅಂತಲೇ ದಾಖಲಾಗಿತ್ತು. ನೂರಾರು ಹೆಸರುಗಳು ಅಲ್ಲಿ ಬಂದು ತುಂಬಿಕೊಂಡವು. 1922ರಲ್ಲಿ ಅಮೆರಿಕದ ಸಸ್ಯಶಾಸ್ತ್ರಜ್ಞರಾದ ಬ್ರಿಟನ್ ಮತ್ತು ರೋಸ್ ಇದನ್ನು ಗುಡಿಸಿ 9 ಜಾತಿಗೆ ಇಳಿಸಿದರು. ಆ ಒಂಬತ್ತರಲ್ಲಿ ಗ್ರುಸೋನಿ ಉಳಿಯಿತು. ಟೆಕ್ಸಸ್‌ನ ಚಪ್ಪಟೆ ಕಳ್ಳಿ ಟೆಕ್ಸೆನ್ಸಿಸ್‌ಗೆ ಅವರು 'ಹೊಮಲೊಸೆಫಾಲಾ' ಅಂತ ಬೇರೆ ಕುಲವನ್ನೇ ಮಾಡಿದರು. ಆದರೆ ಮುಂದೆ ಬಂದವರು ಅದನ್ನು ಒಪ್ಪದೆ ಮತ್ತೆ ಎಕಿನೋಕ್ಯಾಕ್ಟಸ್‌ಗೆ ಸೇರಿಸಿದರು. ಹೀಗೆ ಈ ಕುಲದ ಬಾಗಿಲು ತೆಗೆಯುತ್ತಾ ಮುಚ್ಚುತ್ತಾ ಬಂದಿದೆ.

ಗ್ರುಸೋನಿಯನ್ನು ಈ ಗುಂಪಿನಲ್ಲಿ ಹಿಡಿದಿಟ್ಟದ್ದರಲ್ಲಿ ಆ ನೆತ್ತಿಯ ಉಣ್ಣೆಯ ಪಾಲು ದೊಡ್ಡದು. ದೊಡ್ಡ ದುಂಡು ಮೈ, ನೆತ್ತಿ ತುಂಬಾ ಉಣ್ಣೆ, ಹಳದಿ ಹೂ. ಪ್ಲಾಟಿಯಕ್ಯಾಂಥಸ್ ಅನ್ನುವ ದೈತ್ಯ ಕಳ್ಳಿಯಲ್ಲೂ ಇವೆಲ್ಲಾ ಇವೆ. ಪ್ಲಾಟಿಯಕ್ಯಾಂಥಸ್ ಈ ಕುಲದ ಮಾದರಿ ಜಾತಿ. ಅಂದರೆ ಕುಲ ಎಷ್ಟೇ ಒಡೆದರೂ ಎಕಿನೋಕ್ಯಾಕ್ಟಸ್ ಅನ್ನುವ ಹೆಸರು ಅದರ ಜೊತೆಗೇ ಹೋಗಬೇಕು. ಕಣ್ಣಿಂದ ನೋಡುವವರಿಗೆ ಇವೆರಡೂ ಒಂದೇ ಮನೆಯವು ಅನಿಸಿದ್ದರಲ್ಲಿ ತಪ್ಪಿಲ್ಲ.

ಡಿಎನ್‌ಎ ಬಂದ ಮೇಲೆ ಚಿತ್ರ ಬದಲಾಯಿತು. ಗ್ರುಸೋನಿ ಪ್ಲಾಟಿಯಕ್ಯಾಂಥಸ್‌ಗಿಂತ ಫೆರೋಕ್ಯಾಕ್ಟಸ್ ಅನ್ನುವ ಇನ್ನೊಂದು ಕಳ್ಳಿ ಕುಲ ಇರುವ ಕವಲಿಗೆ ಹತ್ತಿರ ಅಂತ ಕಾಣಿಸಿತು. ಉಣ್ಣೆ ಇಬ್ಬರಲ್ಲೂ ಇದ್ದ ಮಾತ್ರಕ್ಕೆ ಇಬ್ಬರೂ ಒಂದೇ ತಾಯಿಯ ಮಕ್ಕಳಲ್ಲ. 2014ರಲ್ಲಿ ಫ್ರಾನ್ಸ್‌ನ ಜೋಯೆಲ್ ಲೋಡೆ ಗ್ರುಸೋನಿಗೆ ಅಂತಲೇ 'ಕ್ರೋನ್‌ಲೈನಿಯಾ' ಎಂಬ ಹೊಸ ಕುಲ ಪ್ರಕಟಿಸಿದರು. ಮೊನಾಕೋದ ಪ್ರಸಿದ್ಧ ಕಳ್ಳಿ ಉದ್ಯಾನಕ್ಕೆ ನಿರ್ದೇಶಕರಾಗಿದ್ದ ಮಾರ್ಸೆಲ್ ಕ್ರೋನ್‌ಲೈನ್ ನೆನಪಿಗೆ ಆ ಹೆಸರು. 2018ರಲ್ಲಿ ಇಡೀ ಎಕಿನೋಕ್ಯಾಕ್ಟಸ್ ಕುಲವನ್ನು ಮತ್ತೆ ಪರಿಶೀಲಿಸಿದ ಅಧ್ಯಯನ ಬಂತು. ಅದು ಕುಲವನ್ನು ಮೂರಾಗಿ ಒಡೆಯಿತು. ಪ್ಲಾಟಿಯಕ್ಯಾಂಥಸ್ ಮತ್ತು ಹೊರೈಜಾಂಥಲೋನಿಯಸ್ ಎಕಿನೋಕ್ಯಾಕ್ಟಸ್‌ನಲ್ಲೇ ಉಳಿದವು. ಟೆಕ್ಸೆನ್ಸಿಸ್, ಪಾಲಿಸೆಫಾಲಸ್, ಪ್ಯಾರಿಯೈ ಮೂರೂ ಹೊಮಲೊಸೆಫಾಲಾಕ್ಕೆ ಹೋದವು. ಗ್ರುಸೋನಿ ಒಂಟಿಯಾಗಿ ಕ್ರೋನ್‌ಲೈನಿಯಾದಲ್ಲಿ ಉಳಿಯಿತು.

ಮೂರು ದಾರಿ ಅನ್ನುವುದು ಗಮನದಲ್ಲಿರಲಿ. ಪ್ರಕರಣದ ಗಂಟು ಇರುವುದೇ ಅಲ್ಲಿ.

ಸಮಸ್ಯೆ

ತೋಟದ ದಾಖಲೆ ಮೊದಲು ಕಾರ್ಡುಗಳಲ್ಲಿತ್ತು. ಗಿಡ ಬಂದಾಗ ಒಂದು ಸಂಖ್ಯೆ, ಹೆಸರು, ಎಲ್ಲಿಂದ ಬಂತು ಅನ್ನುವ ಒಂದು ಸಾಲು. ಅದೇ ಸಂಖ್ಯೆಯನ್ನು ಅಲ್ಯೂಮಿನಿಯಂ ತಗಡಿನ ಮೇಲೆ ಮೊಳೆಯಿಂದ ಕೊರೆದು ಗಿಡದ ಬುಡದಲ್ಲಿ ಚುಚ್ಚುತ್ತಿದ್ದರು. ಆಮೇಲೆ ಎಲ್ಲವನ್ನೂ ಕಂಪ್ಯೂಟರ್‌ನ ಒಂದು ಪಟ್ಟಿಗೆ ಹಾಕಿದರು. ಪಟ್ಟಿಯಲ್ಲಿ ಹೆಸರಿಗೆ ಒಂದೇ ಕಾಲಂ ಇತ್ತು.

ಹೊಸ ಸಸ್ಯಶಾಸ್ತ್ರಜ್ಞೆ ಬಂದಾಗ ಗೋಲ್ಡನ್ ಬ್ಯಾರೆಲ್ ಸಾಲಿನ ಫಲಕದಲ್ಲಿ ಹಳೆಯ ಹೆಸರೇ ಇತ್ತು. ವಿದ್ಯಾರ್ಥಿಗಳು ಬಂದು ನೋಡುವ ತೋಟ, ಹೆಸರು ಇಂದಿನದೇ ಇರಬೇಕು ಅನ್ನುವುದು ಅವರ ವಾದ. ಸರಿಯಾದ ವಾದವೇ. ಮೇಲ್ವಿಚಾರಕರು ಬೇಡ ಅಂದರು. ಹೆಸರು ಮತ್ತೆ ಬದಲಾಗಬಹುದು, ಹಳೆಯ ಹೆಸರು ಎಲ್ಲರಿಗೂ ಗೊತ್ತು ಅಂದರು. ಅದೂ ಸುಳ್ಳಲ್ಲ. ಕೊನೆಗೆ ಹೊಸ ಹೆಸರಿಗೆ ಒಪ್ಪಿಗೆ ಸಿಕ್ಕಿತು. ಕೆಲಸವನ್ನು ಕಚೇರಿಯ ಒಬ್ಬ ಸಹಾಯಕರಿಗೆ ವಹಿಸಿದರು. ಸೂಚನೆ ಒಂದೇ ಸಾಲಿನದು: ಎಕಿನೋಕ್ಯಾಕ್ಟಸ್ ಈಗ ಕ್ರೋನ್‌ಲೈನಿಯಾ ಆಗಿದೆ, ಬದಲಿಸಿ.

ಆ ಸಹಾಯಕರು ಹೇಳಿದ್ದನ್ನು ಹೇಳಿದ ಹಾಗೇ ಮಾಡಿದರು. ಪಟ್ಟಿಯಲ್ಲಿ 'ಫೈಂಡ್ ಅಂಡ್ ರಿಪ್ಲೇಸ್' ಒತ್ತಿದರು. ಒಂದೇ ಕ್ಲಿಕ್‌ಗೆ ಎಲ್ಲಾ ಎಕಿನೋಕ್ಯಾಕ್ಟಸ್‌ಗಳೂ ಕ್ರೋನ್‌ಲೈನಿಯಾ ಆದವು. ಗ್ರುಸೋನಿ ಜೊತೆಗೆ ಪ್ಲಾಟಿಯಕ್ಯಾಂಥಸ್, ಟೆಕ್ಸೆನ್ಸಿಸ್, ಹೊರೈಜಾಂಥಲೋನಿಯಸ್ ಕೂಡ. ಪಟ್ಟಿಯಿಂದಲೇ ಹೊಸ ಫಲಕಗಳು ಮುದ್ರಣವಾದವು. ಬಿಸಿಲಿಗೆ ಮಾಸದ ಒಳ್ಳೆಯ ಫಲಕಗಳು. ಹಳೆಯ ತಗಡುಗಳನ್ನು ಕಿತ್ತು ಒಂದು ಡಬ್ಬಿಗೆ ಹಾಕಿದರು.

ಇದು ಗೊತ್ತಾದದ್ದು ಹೊರಗಿನಿಂದ. ತೋಟ ಬೇರೆ ಸಂಗ್ರಹಗಳ ಜೊತೆ ಸಸಿ ವಿನಿಮಯ ಮಾಡುತ್ತಿತ್ತು. ಅದಕ್ಕಾಗಿ ಕಳಿಸಿದ ಪಟ್ಟಿಯನ್ನು ನೋಡಿದ ಬೇರೆ ಊರಿನ ಒಬ್ಬ ಹಿರಿಯ ಸಂಗ್ರಾಹಕರು ಪತ್ರ ಬರೆದರು. 'ಕ್ರೋನ್‌ಲೈನಿಯಾ ಪ್ಲಾಟಿಯಕ್ಯಾಂಥಸ್' ಎಲ್ಲಿ ಪ್ರಕಟವಾಗಿದೆ, ನನಗೆ ಸಿಗುತ್ತಿಲ್ಲ ಅಂತ ಕೇಳಿದ್ದರು. ಅವರಿಗೆ ಅನುಮಾನ ಬಂದದ್ದು ಹೆಸರಿನ ಕೊನೆ ನೋಡಿ. ಲ್ಯಾಟಿನ್‌ನಲ್ಲಿ ಕ್ರೋನ್‌ಲೈನಿಯಾ ಸ್ತ್ರೀಲಿಂಗ. ಅದರ ಪಕ್ಕ ಬರುವ ಗುಣವಾಚಕವೂ ಸ್ತ್ರೀಲಿಂಗವೇ ಆಗಬೇಕು. ಪಾಲಿಸೆಫಾಲಸ್ ಹೊಮಲೊಸೆಫಾಲಾಕ್ಕೆ ಹೋದಾಗ ಪಾಲಿಸೆಫಾಲಾ ಆಗಿದ್ದು ಇದೇ ಕಾರಣಕ್ಕೆ. ಸಸ್ಯಶಾಸ್ತ್ರ ತಿಳಿದ ಯಾರೂ ಈ ಜೋಡಿ ಬರೆದಿರಲಾರರು, ಇದು ಯಂತ್ರದ ಕೆಲಸ ಅಂತ ಅವರಿಗೆ ಹೊಳೆದಿತ್ತು. ನನಗೆ ಆ ಪತ್ರ ಓದಿ ನಿಜಕ್ಕೂ ಸಂತೋಷವಾಯಿತು. ಇಷ್ಟು ಸಣ್ಣ ಸುಳಿವನ್ನು ಹಿಡಿಯುವವರು ಇನ್ನೂ ಇದ್ದಾರಲ್ಲ!

ಇದನ್ನು ಬರೀ ಅಕ್ಷರದ ತಪ್ಪು ಅಂತ ಬಿಡುವ ಹಾಗಿರಲಿಲ್ಲ. ಮೆಕ್ಸಿಕೋದ ಅಧಿಕೃತ ರಕ್ಷಣಾ ಪಟ್ಟಿಯಲ್ಲಿ ಗ್ರುಸೋನಿ 'ಅಳಿವಿನ ಅಪಾಯದಲ್ಲಿರುವ' ವರ್ಗದಲ್ಲಿದೆ. ಪ್ಲಾಟಿಯಕ್ಯಾಂಥಸ್ ಇರುವುದು 'ವಿಶೇಷ ರಕ್ಷಣೆ' ವರ್ಗದಲ್ಲಿ. ಎರಡರ ಕಷ್ಟವೂ ಬೇರೆ. ಪ್ಲಾಟಿಯಕ್ಯಾಂಥಸ್‌ನ ತಿರುಳನ್ನು ಸಕ್ಕರೆ ಪಾಕದಲ್ಲಿ ಬೇಯಿಸಿ 'ಅಸಿಟ್ರೋನ್' ಎಂಬ ಮಿಠಾಯಿ ಮಾಡುತ್ತಿದ್ದರು. ಅದಕ್ಕಾಗಿ ದಶಕಗಳಷ್ಟು ಹಳೆಯ ಗಿಡಗಳನ್ನು ಕಡಿದರು. ಗ್ರುಸೋನಿಗೆ ಪೆಟ್ಟು ಬಿದ್ದದ್ದು ಕಾಡಿನಿಂದ ಕದ್ದು ಮಾರಿದವರಿಂದ ಮತ್ತು ಅಣೆಕಟ್ಟಿನಿಂದ. 1990ರ ದಶಕದಲ್ಲಿ ಸಿಮಾಪಾನ್ ಅಣೆಕಟ್ಟಿನ ನೀರು ನಿಂತಾಗ ಅದರ ನೆಲೆಯ ದೊಡ್ಡ ಭಾಗ ಮುಳುಗಿತು. ನಮ್ಮಲ್ಲಿ ಬೀದಿ ಬದಿಯ ನರ್ಸರಿಯಲ್ಲೂ ಸಿಗುವ ಗಿಡ ತನ್ನ ಊರಲ್ಲಿ ಹೀಗಿದೆ ಅಂದರೆ ಬೇಜಾರಾಗುತ್ತದೆ, ಅಲ್ವಾ? ಇಂಥ ಎರಡು ಗಿಡಗಳನ್ನು ಒಂದೇ ಕುಲದ ಹೆಸರಿನಲ್ಲಿ ತೋರಿಸಿದರೆ ಫಲಕ ಓದುವ ವಿದ್ಯಾರ್ಥಿಗೆ ಎರಡರ ಕಥೆಯೂ ತಪ್ಪಾಗಿ ತಲುಪುತ್ತದೆ.

ಏನೇನು ಮಾಡಿ ನೋಡಿದರು

ಮೊದಲ ಪ್ರಯತ್ನ ಎಲ್ಲರಿಗೂ ತಟ್ಟನೆ ಹೊಳೆಯುವಂಥದ್ದೇ. ಹಿಂದಿನ ಪಟ್ಟಿಯ ನಕಲು ಇದ್ದರೆ ಅದನ್ನೇ ತಂದು ಹಾಕೋಣ ಅಂದರು. ನಕಲು ಸಿಕ್ಕಿತು. ಆದರೆ ಅದು ಹಳೆಯದು. ನಡುವೆ ಬಂದ ಗಿಡಗಳು ಅದರಲ್ಲಿರಲಿಲ್ಲ. ಜೊತೆಗೆ ಪಟ್ಟಿ ಸರಿಯಾದರೂ ನೆಲದ ಮೇಲಿನ ಫಲಕ ಸರಿಯಾಗುವುದಿಲ್ಲ. ಫಲಕ ಹಾಕುವಾಗ ಸಂಖ್ಯೆ ನೋಡದೆ ಸಾಲು ನೋಡಿ ಹಾಕಿದ್ದರು. ಎಲ್ಲವೂ ಕ್ರೋನ್‌ಲೈನಿಯಾ ಆಗಿದ್ದಾಗ ಯಾವುದು ಎಲ್ಲಿ ಹೋದರೇನು ಅನಿಸಿರಬೇಕು.

ಎರಡನೆಯ ಪ್ರಯತ್ನದಲ್ಲಿ ಸುಮ್ನೆ ಸಮಯ ಹೋಯಿತು. ಯಾವ ಹೆಸರು 'ಸರಿ' ಅಂತ ಎಲ್ಲಾ ಕಡೆ ಹುಡುಕಲು ಕೂತರು. ಒಂದು ಕಡೆ ಹೊಸ ಹೆಸರು, ಇನ್ನೊಂದು ಕಡೆ ಹಳೆಯದು. ಲಂಡನ್‌ನ ಕ್ಯೂ ಉದ್ಯಾನದ ಜಾಗತಿಕ ಸಸ್ಯ ಪಟ್ಟಿ ಕ್ರೋನ್‌ಲೈನಿಯಾ ಒಪ್ಪುತ್ತದೆ. ಮಾರಾಟಗಾರರಲ್ಲಿ ಬಹುಪಾಲು ಜನ ಇನ್ನೂ ಎಕಿನೋಕ್ಯಾಕ್ಟಸ್ ಅನ್ನುತ್ತಾರೆ. ಸಭೆಯಲ್ಲಿ ಮೇಲ್ವಿಚಾರಕರ ದನಿ ಏರಿತು, ಸಸ್ಯಶಾಸ್ತ್ರಜ್ಞೆ ಸುಮ್ಮನಾದರು. ಇಬ್ಬರೂ ಹೆಸರನ್ನೇ ಹಿಡಿದು ಜಗ್ಗುತ್ತಿದ್ದರು, ಗಿಡದ ಕಡೆ ಯಾರೂ ನೋಡುತ್ತಿರಲಿಲ್ಲ.

ನಾನು ಅಲ್ಲಿ ಹೇಳಿದ್ದು ಇಷ್ಟು. ಗಿಡಗಳಿಗೆ ಹೆಸರಿಡುವ ನಿಯಮದ ಪ್ರಕಾರ ಎರಡೂ ಹೆಸರು ಸರಿಯಾಗಿ ಪ್ರಕಟವಾದವೇ. ಯಾವುದನ್ನು ಬಳಸಬೇಕು ಅನ್ನುವುದು ಆ ಗಿಡದ ನೆಂಟಸ್ತಿಕೆಯ ಬಗ್ಗೆ ನೀವು ಯಾವ ಅಧ್ಯಯನ ಒಪ್ಪುತ್ತೀರಿ ಅನ್ನುವುದರ ಮೇಲೆ ನಿಂತಿದೆ. ಆದರೆ ಎರಡರಲ್ಲೂ ಬದಲಾಗದ ಒಂದು ತುಂಡು ಇದೆ. ಹಿಲ್ಡ್‌ಮನ್ 1891ರಲ್ಲಿ ಇಟ್ಟ 'ಗ್ರುಸೋನಿ'. ಕುಲ ಬದಲಾದರೂ ನಿಯಮ ಅದನ್ನು ಕಾಪಾಡುತ್ತದೆ. ಹೊಸ ಹೆಸರು ಬರೆಯುವಾಗ ಹಿಲ್ಡ್‌ಮನ್ ಹೆಸರು ಆವರಣದೊಳಗೆ, ಲೋಡೆ ಹೆಸರು ಅದರ ಹೊರಗೆ ಬರುವುದೂ ಆ ನಂಟು ತೋರಿಸಲಿಕ್ಕೇ. ಹಾಗಾಗಿ ಪಟ್ಟಿಯನ್ನು ಕುಲದ ಹೆಸರಿನಿಂದ ಜೋಡಿಸಬೇಡಿ, ಜಾತಿ ಪದದಿಂದ ಜೋಡಿಸಿ ಅಂದೆ.

ಹಾಗೆ ಜೋಡಿಸಿದ ಕೂಡಲೇ ಗೊಂದಲ ಅರ್ಧ ತಿಳಿಯಾಯಿತು. ಗ್ರುಸೋನಿಗಳೆಲ್ಲಾ ಒಂದು ಕಡೆ ಬಂದವು, ಟೆಕ್ಸೆನ್ಸಿಸ್ ಒಂದು ಕಡೆ. ಕಾಗದದ ಮೇಲಿನ ಕೆಲಸ ಮುಗಿಯಿತು.

ತಿರುವು

ನೆಲದ ಮೇಲಿನ ಕೆಲಸ ಮಾಡಿಕೊಟ್ಟದ್ದು ಮಾಲಿ. ಏರಿನ ತುದಿಯಲ್ಲಿ ಒಂದು ಗಿಡವಿತ್ತು. ಫಲಕ 'ಕ್ರೋನ್‌ಲೈನಿಯಾ ಗ್ರುಸೋನಿ' ಅನ್ನುತ್ತಿತ್ತು. ದೂರದಿಂದ ನೋಡಿದರೆ ಸಾಲಿಗೆ ಹೊಂದುತ್ತಿತ್ತು. ಅದೇ ದುಂಡು, ಅದೇ ಉಣ್ಣೆ. ಮಾಲಿ ಅದರ ಹತ್ತಿರ ಕರೆದುಕೊಂಡು ಹೋಗಿ, "ಇದು ಆ ಜಾತಿ ಅಲ್ಲ ಸಾರ್. ಚಿಕ್ಕದಿದ್ದಾಗ ಇದರ ಮೈಮೇಲೆ ನೇರಳೆ ಪಟ್ಟೆ ಇತ್ತು" ಅಂದರು.

ಬಗ್ಗಿ ನೋಡಿದೆವು. ಮೈ ಬೂದು ಬೆರೆತ ಹಸಿರು, ಪಕ್ಕದ ಗಿಡಗಳ ಹೊಳೆಯುವ ಹಸಿರಲ್ಲ. ಮುಳ್ಳು ದಪ್ಪ, ಅಡ್ಡಕ್ಕೆ ಗೆರೆ ಗೆರೆ, ಕೆಂಪು ಕಂದು ಬಣ್ಣ. ಸಂಖ್ಯೆಯಲ್ಲೂ ಕಡಿಮೆ. ಪಕ್ಕದ ಗ್ರುಸೋನಿಯಲ್ಲಿ ಹಳದಿ ಮುಳ್ಳಿನ ನಡುವೆ ಹಸಿರು ಕಾಣುವುದೇ ಕಷ್ಟ. ಎಳೆಯ ಪ್ಲಾಟಿಯಕ್ಯಾಂಥಸ್ ಮೈಮೇಲೆ ಅಡ್ಡಲಾಗಿ ನೇರಳೆ ಪಟ್ಟೆ ಬರುವುದು ಅದರ ದೊಡ್ಡ ಗುರುತು. ಬೆಳೆದ ಮೇಲೆ ಅದು ಮಾಯವಾಗುತ್ತದೆ. ಗಿಡವನ್ನು ಚಿಕ್ಕಂದಿನಿಂದ ನೋಡಿದವರಿಗೆ ಮಾತ್ರ ಆ ಸಾಕ್ಷಿ ಗೊತ್ತಿರಲು ಸಾಧ್ಯ.

ಆಮೇಲೆ ತಗಡಿನ ಡಬ್ಬಿ ತೆಗೆದೆವು. ಮಾಲಿಯ ನೆನಪು ಮತ್ತು ಕಾರ್ಡುಗಳನ್ನು ಇಟ್ಟುಕೊಂಡು ಒಂದೊಂದೇ ತಗಡನ್ನು ಅದರ ಗಿಡಕ್ಕೆ ಸೇರಿಸಿದೆವು. ಆ ತುದಿಯ ಗಿಡದ ಕಾರ್ಡಿನಲ್ಲಿ ಇದ್ದದ್ದು 'ಎಕಿನೋಕ್ಯಾಕ್ಟಸ್ ಇಂಜೆನ್ಸ್'. ಪ್ಲಾಟಿಯಕ್ಯಾಂಥಸ್‌ಗೆ ಹಿಂದೆ ಇದ್ದ ಬೇರೆ ಹೆಸರು ಅದು. 1922ರ ಒಂಬತ್ತರಲ್ಲಿ ಇಂಜೆನ್ಸ್, ಗ್ರ್ಯಾಂಡಿಸ್, ಪಾಮೆರಿ, ವಿಸ್ನಾಗಾ ಎಲ್ಲಾ ಬೇರೆ ಬೇರೆ ಜಾತಿಗಳಾಗಿದ್ದವು. ಈಗ ಅವೆಲ್ಲಾ ಪ್ಲಾಟಿಯಕ್ಯಾಂಥಸ್ ಒಳಗೇ ಸೇರಿವೆ. ಅಂದರೆ ಈ ಒಂದು ಗಿಡಕ್ಕೆ ತೋಟದಲ್ಲೇ ಮೂರು ಹೆಸರು ಆಗಿಹೋಗಿತ್ತು. ಕಾರ್ಡಿನದು ಹಳೆಯದಾದರೂ ನಿಜ. ಪಟ್ಟಿಯದು ಎಲ್ಲೂ ಇಲ್ಲದ ಹೆಸರು. ಫಲಕದ್ದು ಬೇರೆ ಗಿಡದ ಹೆಸರು.

ಸಸ್ಯಶಾಸ್ತ್ರಜ್ಞೆ ಮತ್ತು ಮೇಲ್ವಿಚಾರಕರ ಜಗಳ ಅಲ್ಲಿಗೆ ನಿಂತಿತು. ಇಬ್ಬರಿಗೂ ಬೇಕಾದದ್ದು ಆ ಡಬ್ಬಿಯಲ್ಲಿತ್ತು.

ಏನು ನಿರ್ಧರಿಸಿದರು, ಏನಾಯಿತು

ಪಟ್ಟಿಯಲ್ಲಿ ಈಗ ಹೆಸರಿಗೆ ಒಂದಕ್ಕಿಂತ ಜಾಸ್ತಿ ಕಾಲಂ ಇದೆ. ಗಿಡ ಬಂದಾಗ ಕಾರ್ಡಿನಲ್ಲಿ ಏನಿತ್ತೋ ಅದು ಒಂದರಲ್ಲಿ, ಅದನ್ನು ಯಾರೂ ಮುಟ್ಟುವಂತಿಲ್ಲ. ಇಂದು ಬಳಸುವ ಹೆಸರು ಇನ್ನೊಂದರಲ್ಲಿ. ಯಾವ ಗ್ರಂಥ ಅಥವಾ ಪಟ್ಟಿಯನ್ನು ನೋಡಿ ಬರೆದದ್ದು, ಯಾರು ಗಿಡವನ್ನೇ ನೋಡಿ ಖಚಿತಪಡಿಸಿದ್ದು, ಯಾವ ದಿನ ಅನ್ನುವುದೂ ಇದೆ. ಹೆಸರು ಬದಲಾದರೆ ಹೊಸ ಸಾಲು ಸೇರುತ್ತದೆ, ಹಳೆಯ ಸಾಲು ಅಳಿಯುವುದಿಲ್ಲ.

ಯಾವ ಹೆಸರು ಅನ್ನುವುದಕ್ಕೆ ಕ್ಯೂ ಪಟ್ಟಿಯನ್ನು ಅನುಸರಿಸುವುದು ಅಂತ ತೀರ್ಮಾನಿಸಿ, ಅದನ್ನು ತೋಟದ ದಾಖಲೆ ಪುಸ್ತಕದ ಮೊದಲ ಪುಟದಲ್ಲೇ ಬರೆದರು. ಇನ್ನೊಂದು ಪಟ್ಟಿ ಆರಿಸಿದ್ದರೂ ನಡೆಯುತ್ತಿತ್ತು. ಒಂದನ್ನು ಆರಿಸಿ ಬರೆದಿಡುವುದು ಮುಖ್ಯ. ದೇಶದ ಗಡಿ ದಾಟುವ ಕಾಗದಗಳಿಗೆ ಮಾತ್ರ ಬೇರೆ ನಿಯಮ ಇಟ್ಟುಕೊಂಡರು. ಕಳ್ಳಿ ಕುಟುಂಬ ಹೆಚ್ಚುಕಡಿಮೆ ಪೂರ್ತಿ, ಅಪಾಯದಲ್ಲಿರುವ ಗಿಡ-ಪ್ರಾಣಿಗಳ ದೇಶ-ದೇಶಗಳ ನಡುವಿನ ವ್ಯಾಪಾರಕ್ಕೆ ಕಡಿವಾಣ ಹಾಕುವ ಸೈಟ್ಸ್ ಒಪ್ಪಂದದ ಎರಡನೇ ಅನುಬಂಧದಲ್ಲಿದೆ, ಕೆಲವು ಮೊದಲನೆಯದರಲ್ಲಿ. ಅಲ್ಲಿನ ಅಧಿಕಾರಿಗಳು ನೋಡುವುದು ತಮ್ಮದೇ ಹೆಸರಿನ ಪಟ್ಟಿ. ಆ ಅರ್ಜಿಯಲ್ಲಿ ಅವರ ಪಟ್ಟಿಯ ಹೆಸರನ್ನೇ ಹಾಕಬೇಕು. ತೋಟದ ಫಲಕದಲ್ಲಿ ಏನಿದೆ ಅನ್ನುವುದು ಅಲ್ಲಿ ಲೆಕ್ಕಕ್ಕೆ ಬರುವುದಿಲ್ಲ.

ಫಲಕದಲ್ಲಿ ಕ್ರೋನ್‌ಲೈನಿಯಾ ಗ್ರುಸೋನಿ ದೊಡ್ಡದಾಗಿ, ಅದರ ಕೆಳಗೆ ಹಳೆಯ ಹೆಸರು ಚಿಕ್ಕದಾಗಿ ಬಂತು. ತಗಡು ಮತ್ತೆ ಬುಡಕ್ಕೆ ಹೋಯಿತು. ಇದು ನನಗೆ ತುಂಬಾ ಹಿಡಿಸಿದ ತೀರ್ಮಾನ. ಫಲಕ ನೋಡುವವರಿಗೆ, ತಗಡು ಗಿಡಕ್ಕೆ. ವಿನಿಮಯ ಪಟ್ಟಿ ಪಡೆದವರಿಗೆಲ್ಲಾ ತಿದ್ದುಪಡಿ ಪತ್ರ ಹೋಯಿತು. ಅಷ್ಟರಲ್ಲಿ ಒಬ್ಬರು ಆ ಇಲ್ಲದ ಹೆಸರನ್ನು ತಮ್ಮ ಪಟ್ಟಿಗೆ ಇಳಿಸಿಕೊಂಡೂ ಆಗಿತ್ತು.

ಕಾರ್ಡು ಓದುವಾಗ ಇನ್ನೊಂದು ಸಂಗತಿ ಎದ್ದು ಕಂಡಿತು. ಗ್ರುಸೋನಿಗಳೆಲ್ಲದರ ಮೂಲ 'ನರ್ಸರಿ' ಅಂತಷ್ಟೇ ಇದೆ. ಈ ಕಳ್ಳಿಯ ಇನ್ನೊಂದು ನೆಲೆ ಮೊದಲಿನದಕ್ಕೆ ಬಹಳ ದೂರದ ಸಕಾಟೆಕಾಸ್ ರಾಜ್ಯದಲ್ಲಿ ಪತ್ತೆಯಾಗಿದೆ. ಎರಡು ನೆಲೆಯ ಗಿಡಗಳನ್ನು ಹೋಲಿಸುವ ಸಂಶೋಧಕರಿಗೆ ಮೂಲ ಗೊತ್ತಿಲ್ಲದ ನಮ್ಮ ಗಿಡಗಳು ಪ್ರಯೋಜನಕ್ಕೆ ಬರುವುದಿಲ್ಲ. ಇದನ್ನು ಕೇಳಿ ಮೇಲ್ವಿಚಾರಕರು, ಇನ್ನು ಮುಂದೆ ಬರುವ ಪ್ರತಿ ಬೀಜದ ಪೊಟ್ಟಣಕ್ಕೂ ಮೂಲ ಕೇಳದೆ ಸಂಖ್ಯೆ ಕೊಡುವುದಿಲ್ಲ ಅಂತ ತಾವೇ ಹೇಳಿದರು.

ಈ ಪ್ರಕರಣದಿಂದ ಬೇರೆ ತೋಟದವರು ತೆಗೆದುಕೊಳ್ಳಬಹುದಾದ್ದು, ನನ್ನ ಲೆಕ್ಕದಲ್ಲಿ, ಹೆಸರು ಬದಲಿಸುವ ಮೊದಲು ಕೇಳಬೇಕಾದ ಒಂದು ಪ್ರಶ್ನೆ. ಕುಲಕ್ಕೆ ಕುಲವೇ ಹೆಸರು ಬದಲಿಸಿತೇ, ಅಥವಾ ಕುಲ ಒಡೆದು ಕೆಲವು ಜಾತಿ ಮಾತ್ರ ಆಚೆ ಹೋದವೇ? ಮೊದಲನೆಯದಾದರೆ ಒಂದು ಕ್ಲಿಕ್ ಸಾಕಾಗಬಹುದು, ಪದದ ಕೊನೆ ನೋಡಿಕೊಂಡರೆ. ಎರಡನೆಯದಾದರೆ ಪ್ರತಿ ಗಿಡದ ಹತ್ತಿರ ಹೋಗಿ ನಿಲ್ಲಲೇಬೇಕು. ಕಳ್ಳಿ ಕುಟುಂಬದಲ್ಲಿ ಈಗ ಜಾಸ್ತಿ ನಡೆಯುತ್ತಿರುವುದು ಎರಡನೆಯದೇ.

ಒಂದು ಕೆಲಸ ಬಾಕಿ ಇದೆ. ಆ ಗೊಂದಲದ ದಿನಗಳಲ್ಲಿ ಹೊರಗಿನಿಂದ ಬಂದ ಬೀಜಗಳನ್ನು ಬಿತ್ತಿದ ತಟ್ಟೆಗಳ ಮೇಲೆ ಬರೀ 'ಕ್ರೋನ್‌ಲೈನಿಯಾ' ಅಂತ ಬರೆದು ಪೊಟ್ಟಣ ಬಿಸಾಡಿದ್ದರು. ಎಳೆಯ ಗ್ರುಸೋನಿಗೆ ಏಣು ಇರುವುದಿಲ್ಲ, ಗುಬ್ಬಿ ಗುಬ್ಬಿಯಾಗಿ ಮ್ಯಾಮಿಲೇರಿಯಾ ಕಳ್ಳಿಯ ಹಾಗೆ ಕಾಣುತ್ತದೆ. ಹಾಗಾಗಿ ಆ ತಟ್ಟೆಗಳಿಗೆ ಸದ್ಯಕ್ಕೆ ಸಂಖ್ಯೆ ಮಾತ್ರ ಕೊಟ್ಟಿದ್ದಾರೆ. ಪಟ್ಟೆ ಬರುತ್ತದೋ ಹಳದಿ ಮುಳ್ಳು ಬರುತ್ತದೋ ಅಂತ ನೋಡಿ ಬರೆದುಕೊಳ್ಳುವ ಕೆಲಸವನ್ನು ಮಾಲಿಗೇ ವಹಿಸಿದ್ದಾರೆ.